ಅಲುಗಾಟ ನುಂಗೋ ವಸ್ತು: ಒಂದ್ಸಲ ಕೂರಿಸಿದ ಮೇಲೂ ಟ್ಯೂನ್ ಮಾಡ್ಬೋದಾ?

ಪಾವಗಡದ ತಿರುಮಣಿ ಕಡೆ ಹೋದಾಗ ಸೋಲಾರ್ ಪಾರ್ಕ್ ಹತ್ರ ಹೈಟೆನ್ಷನ್ ಲೈನ್‌ಗಳನ್ನ ತಲೆಯೆತ್ತಿ ನೋಡಿ, ಟವರ್ ಪಕ್ಕದಲ್ಲೇ ತಂತಿಗೆ ಪುಟ್ಟ ಡಂಬೆಲ್ ತರದ್ದು ನೇತಾಕಿರ್ತಾರೆ. ಅದು ಸ್ಟಾಕ್‌ಬ್ರಿಜ್ ಡ್ಯಾಂಪರ್, 1920ರ ದಶಕದಲ್ಲಿ ಅಮೆರಿಕದ ಜಾರ್ಜ್ ಸ್ಟಾಕ್‌ಬ್ರಿಜ್ ಅನ್ನೋ ಎಂಜಿನಿಯರ್ ಮಾಡಿದ್ದು. ಒಂದೇ ಸಮ ಬೀಸೋ ಗಾಳಿಗೆ (ಬಿರುಗಾಳಿ ಏನ್ ಬೇಕಿಲ್ಲ, ಮೆಲ್ಲಗೆ ಬೀಸೋದೇ ಸಾಕು) ತಂತಿ ಸಣ್ಣಗೆ ನಡುಗ್ತಾ ನಡುಗ್ತಾ ವರ್ಷಗಟ್ಟಲೆ ಆದ್ಮೇಲೆ ಕ್ಲಾಂಪ್ ಹತ್ರ ಎಳೆಎಳೆಯಾಗಿ ತುಂಡಾಗತ್ತೆ, ಆ ನಡುಕನ ಡಂಬೆಲ್ ತಾನು ಕುಣಿದು ತಿಂದಾಕತ್ತೆ.

ಇಂಥ ಕುಣಿಯೋ ತೂಕಗಳನ್ನ ಚಿಕ್ಕದಾಗಿ ಮಾಡಿ ವಸ್ತುವಿನ ಒಳಗೇ ಸಾಲಾಗಿ ಸೇರಿಸಿಬಿಟ್ರೆ ಅದೇ ಮೆಟಾಮೆಟೀರಿಯಲ್. 2000ದಲ್ಲಿ ಹಾಂಗ್‌ಕಾಂಗ್ ವಿಜ್ಞಾನಿಗಳು ಒಂದು ಸೆಂಟಿಮೀಟರ್ ದಪ್ಪದ ಸೀಸದ ಗುಂಡುಗಳಿಗೆ ಸಿಲಿಕೋನ್ ರಬ್ಬರ್ ಹೊದಿಸಿ ಎಪಾಕ್ಸಿಲಿ (ಗಟ್ಟಿಯಾಗೋ ಅಂಟು) ಕೂರಿಸಿದ್ರು, 400 ಹರ್ಟ್ಸ್ (ಸೆಕೆಂಡಿಗೆ 400 ಸಲ ಅಲುಗೋದು) ಆಸುಪಾಸಿನ ಶಬ್ದ ಅದನ್ನ ದಾಟೋದೇ ಕಷ್ಟ ಆಯ್ತು. ಆ ಅಲೆ ಗುಂಡುಗಳ ನಡುವಿನ ದೂರಕ್ಕಿಂತ ನೂರಾರು ಪಟ್ಟು ಉದ್ದ, ಆದ್ರೂ ತಡೀತು, ಮಜಾ ಇರೋದೇ ಅಲ್ಲಿ. ಸೀಸಕ್ಕಾಗ್ಲಿ ರಬ್ಬರ್‌ಗಾಗ್ಲಿ ಒಂಟಿಯಾಗಿ ಈ ಗುಣ ಇಲ್ಲ, ಎಲ್ಲಾ ಜೋಡಣೆದು. ಗುಂಡಿನ ಸ್ವಂತ ಲಯಕ್ಕಿಂತ (ಅಂದ್ರೆ ಅದು ತಾನಾಗೇ ಅಲುಗೋ ವೇಗಕ್ಕಿಂತ) ಒಂಚೂರು ವೇಗವಾಗಿ ಅಲುಗಿಸಿದ್ರೆ ಅದು ತಳ್ಳಿದ ಕಡೆ ಹೋಗೋದು ಬಿಟ್ಟು ಉಲ್ಟಾ ಹೋಗತ್ತೆ, ಲೆಕ್ಕದಲ್ಲಿ ದ್ರವ್ಯರಾಶಿ ಮೈನಸ್ ಬರತ್ತೆ. ತಕ್ಕಡಿಲಿಟ್ರೆ ಮಾತ್ರ ಇದ್ದಷ್ಟೇ ಇರತ್ತೆ!

ತೊಂದರೆ ಏನಪ್ಪ ಅಂದ್ರೆ ಲಯ ಒಂದ್ಸಲ ಫಿಕ್ಸ್ ಆದ್ರೆ ಆಯ್ತು. ನಮ್ಮ ಗುಬ್ಬಿ ಹತ್ರ 2023ರಲ್ಲಿ ಎಚ್‌ಎಎಲ್ ಫ್ಯಾಕ್ಟರಿ ಶುರುವಾಯ್ತಲ್ಲ, ಅಲ್ಲಿ ಆಗೋ ಹೆಲಿಕಾಪ್ಟರ್‌ಗಳ ಉದ್ದನೆ ಬ್ಲೇಡನ್ನೇ ತಗೊಳ್ಳಿ, ನಿಂತಾಗ ತನ್ನ ಭಾರಕ್ಕೇ ಜೋತುಬಿದ್ದಿರತ್ತೆ, ತಿರುಗಿದಾಗ ಹೊರಕ್ಕೆ ಎಳೆದು ಬಿಗಿಯಾಗತ್ತೆ, ಹಾಗಾಗಿ ಅದರ ನಡುಕದ ಲಯಾನೂ ಏರತ್ತೆ. ಇಂಥದ್ದಕ್ಕೆ ಬೇಕಿರೋದು ಸ್ಮಾರ್ಟ್ ಮೆಟಾಮೆಟೀರಿಯಲ್, ಅಂದ್ರೆ ಕೂರಿಸಿದ ಮೇಲೂ ಲಯ ಬದಲಿಸ್ಬೋದಾದದ್ದು.

ಅದಕ್ಕೆ ತೂಕದ ಬದಲು ಪಿಯೆಜೊ ತುಣುಕುಗಳನ್ನ ಸಾಲಾಗಿ ಅಂಟಿಸ್ತಾರೆ. ಒತ್ತಿದ್ರೆ ಕರೆಂಟ್ ಹುಟ್ಟಿಸೋ ಈ ಗುಣ ಕ್ಯೂರಿ ಅಣ್ಣತಮ್ಮಂದಿರು 1880ರಲ್ಲಿ ಕಂಡಿದ್ದು, ಅಡುಗೆಮನೆಯ ಗ್ಯಾಸ್ ಲೈಟರ್ ಕಿಡಿ ಹಾರಿಸೋದೂ ಅದರಿಂದ್ಲೇ. ಪ್ರತಿ ತುಣುಕಿಗೂ ಒಂದು ಕಾಯಿಲ್ ಸೇರಿಸಿದ್ರೆ ತುಣುಕು ಕೆಪಾಸಿಟರ್ (ಚಾರ್ಜ್ ಕೂಡಿಡೋದು) ಆಗಿ ಇಬ್ಬರೂ ಸೇರಿ ಕರೆಂಟಿನಲ್ಲೇ ಕುಣೀತಾರೆ, ಲಯ ಬದಲಿಸ್ಬೇಕಾ, ಕಾಯಿಲ್ ಬೆಲೆ ಬದಲಿಸಿ. ಆದ್ರೆ ಲೆಕ್ಕ ಹಾಕಿ ನೋಡಿ, 100 ನ್ಯಾನೋಫ್ಯಾರಡ್ (ಕೆಪಾಸಿಟರ್ ಅಳತೆ) ತುಣುಕನ್ನ 50 ಹರ್ಟ್ಸ್‌ಗೆ ಕೂರಿಸೋಕೆ ಸುಮಾರು 100 ಹೆನ್ರಿ (ಕಾಯಿಲ್ ಅಳತೆ) ಕಾಯಿಲ್ ಬೇಕು, ಹಳೇ ಟ್ಯೂಬ್‌ಲೈಟಿನ ಕಬ್ಬಿಣದ ಚೋಕೇ ಹೆಚ್ಚುಕಮ್ಮಿ ಒಂದು ಹೆನ್ರಿ! ಅದಕ್ಕೇ ಆಪ್-ಆಂಪ್ ಅನ್ನೋ ಆಂಪ್ಲಿಫೈಯರ್ ಚಿಪ್ಪಿಂದ ಕಾಯಿಲ್ ತರಾನೇ ನಡ್ಕೊಳ್ಳೋ ಸರ್ಕ್ಯೂಟ್ ಕಟ್ತಾರೆ, ತಾಮ್ರದ ಒಂದು ಸುತ್ತೂ ಇರಲ್ಲ. ಈಚೆಗೆ ಮೈಕ್ರೋಕಂಟ್ರೋಲರ್‌ನಲ್ಲಿ (ಪುಟ್ಟ ಕಂಪ್ಯೂಟರ್ ಚಿಪ್) ಒಂದು ಸಂಖ್ಯೆ ಬದಲಿಸಿದ್ರೂ ಸಾಕು.

ಹಂಗಂತ ಎಲ್ಲಾ ಸಲೀಸಿಲ್ಲ. ಒಂದ್ಸಲಕ್ಕೆ ತಡೆಯೋ ಲಯಗಳ ವ್ಯಾಪ್ತಿ ಕಮ್ಮಿ, ಚಿಪ್ಪಿಗೆ ಕರೆಂಟ್ ಬೇಕು, ತಿರುಗೋ ಬ್ಲೇಡಿಗೆ ಅದನ್ನ ಮುಟ್ಟಿಸೋದೇ ಒಂದು ಕೆಲಸ. ಪಿಯೆಜೊ ಸೆರಾಮಿಕ್ ಬೇರೆ ಬಗ್ಗಿಸಿದ್ರೆ ಪಟ್ ಅನ್ನತ್ತೆ. ಪಿವಿಡಿಎಫ್ ಅನ್ನೋ ಪ್ಲಾಸ್ಟಿಕ್ ಹಾಳೆ ಬಗ್ಗತ್ತೆ, ಆದ್ರೆ ಅಷ್ಟು ಕಸುವಿಲ್ಲ, ಹಾಗಾಗಿ ನಾಸಾದವರು ಸೆರಾಮಿಕ್ಕನ್ನೇ ಸಣ್ಣ ನಾರು ಮಾಡಿ ಪ್ಲಾಸ್ಟಿಕ್ ಪದರದ ಮಧ್ಯೆ ಕೂರಿಸಿದ ಪಟ್ಟಿ ಮಾಡಿದ್ರು, ನನಗಂತೂ ಬ್ಲೇಡಿಗೆ ಅದೇ ವಾಸಿ ಅನ್ಸತ್ತೆ.