66 ದಿನದಲ್ಲಿ ಎದ್ದ ಸೇತುವೆ, 23 ವರ್ಷ ಕಾದ ಕೆಲಸ

1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲಿಸ್ ಬಳಿಯ ನಾರ್ತ್‌ರಿಡ್ಜ್‌ನಲ್ಲಿ 6.7 ತೀವ್ರತೆಯ ಭೂಕಂಪವಾದಾಗ, ದಿನಕ್ಕೆ ಸುಮಾರು 3 ಲಕ್ಷ ವಾಹನ ಓಡುವ ಸಾಂಟಾ ಮೋನಿಕಾ ಫ್ರೀವೇ ಎಂಬ ಹೆದ್ದಾರಿಯ ಸೇತುವೆಗಳು ಎರಡು ಕಡೆ ಕುಸಿದವು. ಮರುನಿರ್ಮಾಣಕ್ಕೆ ಕೊಟ್ಟ ಗಡುವು 140 ದಿನ. ಸಿ.ಸಿ. ಮೈಯರ್ಸ್ ಕಂಪನಿ ಹಗಲು ರಾತ್ರಿ ದುಡಿದು 66 ದಿನದಲ್ಲಿ ಮುಗಿಸಿತು. ಗಡುವಿಗಿಂತ ಮುಂಚೆ ಮುಗಿದ ಪ್ರತಿ ದಿನಕ್ಕೆ 2 ಲಕ್ಷ ಡಾಲರ್ ಬೋನಸ್, ತಡವಾದರೆ ಅಷ್ಟೇ ದಂಡ ಎಂಬುದು ಕರಾರು. ಬೋನಸ್ಸೇ ಹೆಚ್ಚುಕಡಿಮೆ ಗುತ್ತಿಗೆಯ ಮೊತ್ತದಷ್ಟಾಯಿತು.

ಎಲ್ಲರೂ ಹೇಳುವುದು ಈ ಓಟದ ಕಥೆಯನ್ನೇ. ಆ ಸೇತುವೆಗಳ ಹೆಸರು ಬಲಪಡಿಸಬೇಕಾದವುಗಳ ಪಟ್ಟಿಯಲ್ಲಿ ಮೊದಲೇ ಇತ್ತು, ಸರದಿ ಬಂದಿರಲಿಲ್ಲ ಎಂಬುದನ್ನು ಹೇಳುವವರು ಕಡಿಮೆ.

ಪಟ್ಟಿ ಹುಟ್ಟಿದ್ದು 1971ರ ಸಾನ್ ಫರ್ನಾಂಡೋ ಭೂಕಂಪದಿಂದ. ಅಲ್ಲಿಯವರೆಗೆ ಕ್ಯಾಲಿಫೋರ್ನಿಯಾದಲ್ಲಿ ಕಂಬ ಎಷ್ಟೇ ದಪ್ಪವಿರಲಿ, ಅದರ ಉದ್ದದ ಸರಳುಗಳನ್ನು ಸುತ್ತುವ ಅಡ್ಡ ರಿಂಗಿಗೆ ಅರ್ಧ ಇಂಚಿನ ಕಂಬಿ, ಅಡಿಗೊಂದರಂತೆ. ಕಂಪನಕ್ಕೆ ಹೊರಗಿನ ಕಾಂಕ್ರೀಟ್ ಉದುರಿದರೆ ಆ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದದ ಸರಳುಗಳು ಹೊರಕ್ಕೆ ಬಾಗುತ್ತವೆ, ಒಳಗಿನ ಕಾಂಕ್ರೀಟ್ ಪುಡಿಯಾಗುತ್ತದೆ. ಜೊತೆಗೆ ಡೆಕ್ಕಿನ, ಅಂದರೆ ವಾಹನ ಓಡುವ ಮೇಲ್ಹಾಸಿನ, ತುದಿ ಕೂರುವ ಅಂಚು ತೀರಾ ಕಿರಿದು. ಡೆಕ್ ಸರಿದರೆ ಜಾರಿ ಕೆಳಗೆ.

ಸರ್ಕಾರ ಮೊದಲು ಕೈಹಾಕಿದ್ದು ಅಗ್ಗದ ಕೆಲಸಕ್ಕೆ. ಡೆಕ್ಕುಗಳು ಸೇರುವ ಜಾಯಿಂಟುಗಳ ಎರಡೂ ಬದಿಯನ್ನು ಉಕ್ಕಿನ ಕೇಬಲ್‌ಗಳಿಂದ ಬಿಗಿದರು. 1,200ಕ್ಕೂ ಹೆಚ್ಚು ಸೇತುವೆಗಳಿಗೆ ಇದು ಮುಗಿಯುವಷ್ಟರಲ್ಲಿ 1989 ಬಂತು. ಕಂಬಗಳು ಹಾಗೇ ಉಳಿದವು. ಆ ವರ್ಷದ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಓಕ್ಲೆಂಡಿನ ಎರಡಂತಸ್ತಿನ ಸೈಪ್ರೆಸ್ ಮೇಲ್ಸೇತುವೆಯೊಂದರಲ್ಲೇ 42 ಜನ ಸತ್ತರು. ಆಮೇಲಷ್ಟೇ ಕಂಬಗಳಿಗೆ ದುಡ್ಡು ಸಲೀಸಾಗಿ ಹರಿಯಿತು.

ಕಂಬಕ್ಕೆ ಮಾಡುವುದು ಉಕ್ಕಿನ ಕವಚ. ಅರ್ಧ ಸಿಲಿಂಡರಿನ ಎರಡು ಹೋಳುಗಳನ್ನು ಕಂಬದ ಸುತ್ತ ನಿಲ್ಲಿಸಿ ಉದ್ದಕ್ಕೆ ವೆಲ್ಡ್ ಮಾಡಿ, ನಡುವಿನ ಸಂದಿಗೆ ಸಿಮೆಂಟ್ ಗ್ರೌಟ್ ತುಂಬುತ್ತಾರೆ. ಕವಚದ ಕೆಳತುದಿ ಮತ್ತು ಅಡಿಪಾಯದ ನಡುವೆ ಸುಮಾರು 5 ಸೆಂ.ಮೀ. ಖಾಲಿ ಬಿಡಲೇಬೇಕು. ಇಲ್ಲದಿದ್ದರೆ ಕಂಬ ಬಾಗಿದಾಗ ಕವಚ ಅಡಿಪಾಯಕ್ಕೆ ಒತ್ತಿಕೊಂಡು ತಾನೂ ಭಾರ ಹೊರಲು ಶುರುಮಾಡುತ್ತದೆ, ಲೆಕ್ಕಕ್ಕಿಂತ ಹೆಚ್ಚಿನ ಬಲ ಅಡಿಪಾಯಕ್ಕೆ ಇಳಿಯುತ್ತದೆ. ನಾರ್ತ್‌ರಿಡ್ಜ್‌ನಲ್ಲಿ ಕವಚ ತೊಟ್ಟ ಕಂಬಗಳು ನಿಂತವು. ಬರೀ ಕೇಬಲ್ ಕಟ್ಟಿದ್ದ ಕೆಲವು ಸೇತುವೆಗಳು ಬಿದ್ದವು. 1971ರಲ್ಲಿ ಕುಸಿದಿದ್ದ ಐ-5 ಹೆದ್ದಾರಿಯ ಇಂಟರ್‌ಚೇಂಜಿನ (ಹೆದ್ದಾರಿಗಳು ಕೂಡುವ ಜಾಗ) ಭಾಗಗಳು ಎರಡನೇ ಸಲ ನೆಲಕಚ್ಚಿದವು.

ಇನ್ನು, ಭೂಕಂಪದ ಬೆನ್ನಲ್ಲೇ ರಸ್ತೆ ಮುಚ್ಚುವುದು ಎಷ್ಟೋ ಸಲ ಸೇತುವೆ ಬಿದ್ದದ್ದಕ್ಕಲ್ಲ, ಅದರ ಎರಡೂ ತುದಿಯಲ್ಲಿ ತುಂಬಿದ ಮಣ್ಣು ಕುಸಿದು ಮೆಟ್ಟಿಲಾದದ್ದಕ್ಕೆ. ಡಾಂಬರಿನ ಇಳಿಜಾರು ಹಾಕಿದರೆ ಕೆಲವೇ ಗಂಟೆಯಲ್ಲಿ ಆಂಬುಲೆನ್ಸ್ ದಾಟಬಹುದು. ಅದಕ್ಕೂ ಮೊದಲು ಡೆಕ್ ಕೂರುವ ಬೇರಿಂಗ್ ಜಾಗ ಬಿಟ್ಟಿದೆಯೇ, ಕಂಬದಲ್ಲಿ ಓರೆ ಬಿರುಕಿದೆಯೇ ಎಂದು ಕೆಳಗಿಳಿದು ನೋಡಬೇಕು. ಓರೆ ಬಿರುಕೆಂದರೆ ಶಿಯರ್, ಅಂದರೆ ಕಂಬ ಅಡ್ಡಕ್ಕೆ ಕತ್ತರಿಸಿಹೋಗುವ ಲಕ್ಷಣ. ಅಂಥ ಸೇತುವೆ ಕೆಳಗಿನಿಂದ ಆಸರೆ ಕೊಡದೆ ತೆರೆಯುವಂತಿಲ್ಲ.

ಭಾರತದಲ್ಲಿ ಡೆಕ್ ಕೂರುವ ಅಂಚಿನ ಕನಿಷ್ಠ ಅಗಲಕ್ಕೆ ಭೂಕಂಪ ತಾಳುವ ವಿನ್ಯಾಸದ ಭಾರತೀಯ ಮಾನಕವಾದ ಐಎಸ್ 1893ರ 3ನೇ ಭಾಗದಲ್ಲಿ (2014) ಸೂತ್ರ ಕೊಟ್ಟಿದ್ದಾರೆ. ಅಪಾಯ ಕಡಿಮೆಯಿರುವ ಭೂಕಂಪ ವಲಯ 2 ಮತ್ತು 3ರಲ್ಲಿ 203 ಮಿ.ಮೀ.ಗೆ ಡೆಕ್ ಉದ್ದದ 1.67 ಪಟ್ಟು, ಕಂಬದ ಎತ್ತರದ 6.66 ಪಟ್ಟು ಕೂಡಿಸಬೇಕು; ಉದ್ದ, ಎತ್ತರ ಮೀಟರಿನಲ್ಲಿ, ಉತ್ತರ ಮಿ.ಮೀ.ನಲ್ಲಿ. 30 ಮೀ. ಡೆಕ್, 8 ಮೀ. ಕಂಬ ಎಂದರೆ ಸುಮಾರು 306 ಮಿ.ಮೀ. ವಲಯ 4 ಮತ್ತು 5ರಲ್ಲಿ ಇದೇ ಸೇತುವೆಗೆ 460 ಬೇಕು. 2002ರ ನಕ್ಷೆಯಲ್ಲಿ ಕರ್ನಾಟಕದ ಬಹುಪಾಲು ವಲಯ 2, ಕರಾವಳಿ ಸೇರಿ ಕೆಲವು ಭಾಗ ವಲಯ 3. ಸೂತ್ರಕ್ಕೂ ಮುಂಚೆ ಕಟ್ಟಿದ ಸೇತುವೆಗಳಲ್ಲಿ ಅಂಚನ್ನು ಟೇಪು ಹಿಡಿದೇ ಅಳೆಯಬೇಕು. ಸಾಲದಿದ್ದರೆ ಕಂಬದ ತಲೆಗೆ ಕಾಂಕ್ರೀಟಿನ ಚಾಚು ಕೂಡಿಸಿ ಅಗಲ ಮಾಡಬಹುದು. ಅಲ್ಲಿ ಜಾಗವಿಲ್ಲದಿದ್ದರೆ ಮಾತ್ರ ಕೇಬಲ್.