ನಿರುದ್ಯೋಗ ಬರೀ ಶೇ. 3.2 ಅಂತಾರೆ, ಹೌದಾ?

ಪ್ರಶ್ನೆ: ದೇಶದಲ್ಲಿ ನಿರುದ್ಯೋಗ ಶೇ. 3.2 ಮಾತ್ರ ಅಂತ ಸರ್ಕಾರದ ಸಮೀಕ್ಷೆ ಹೇಳುತ್ತದೆ. ನಮ್ಮ ಶಿರಸಿ ಕಡೆ ಹಳ್ಳಿಗಳಲ್ಲಿ ಹುಡುಗರೇ ಕಾಣುವುದಿಲ್ಲ, ಎಲ್ಲ ಬೆಂಗಳೂರಿಗೆ ಹೋಗಿದ್ದಾರೆ. ಹಾಗಾದರೆ ಈ ಲೆಕ್ಕ ಸುಳ್ಳಾ?

ಸುಳ್ಳಲ್ಲ. ಆದರೆ ನೀವು ಕೇಳುತ್ತಿರುವುದು ಒಂದು, ಸಮೀಕ್ಷೆ ಕೇಳಿದ್ದು ಇನ್ನೊಂದು.

ಇದು ರಾಷ್ಟ್ರೀಯ ಅಂಕಿಅಂಶ ಕಚೇರಿ 2017ರಿಂದ ನಡೆಸುತ್ತಿರುವ ಪಿಎಲ್‌ಎಫ್‌ಎಸ್ (ಯಾರು ದುಡಿಯುತ್ತಿದ್ದಾರೆ, ಯಾರಿಗೆ ಕೆಲಸವಿಲ್ಲ ಅಂತ ಮನೆಮನೆಗೆ ಹೋಗಿ ಕೇಳುವ) ಸಮೀಕ್ಷೆಯ 2023-24ರ ಅಂಕಿ. ಸುಮಾರು 1 ಲಕ್ಷ ಮನೆಗಳಿಗೆ ಹೋಗಿ, 4 ಲಕ್ಷಕ್ಕೂ ಜಾಸ್ತಿ ಜನರ ವಿವರ ಬರೆದುಕೊಂಡಿದ್ದಾರೆ. 'ನಮ್ಮನೆಗೆ ಯಾರೂ ಬಂದಿಲ್ವಲ್ಲ' ಅನ್ನಬೇಡಿ. ಶಿರಸಿ ಮಾರುಕಟ್ಟೆಯಲ್ಲಿ ವ್ಯಾಪಾರಿ ಪ್ರತಿ ಅಡಿಕೆ ನೋಡಿ ದರ ಬರೆಯುವುದಿಲ್ಲ, ಒಂದು ಹಿಡಿ ತೆಗೆದು ನೋಡುತ್ತಾನೆ. ಆ ಹಿಡಿ ಚೀಲದ ಮೇಲಿಂದಷ್ಟೇ ಅಲ್ಲ, ಅಡಿಯಿಂದಲೂ ಬಂದಿರಬೇಕು, ಅಷ್ಟೇ.

ಮುಖ್ಯ ವಿಷಯ ಬೇರೆಯೇ ಇದೆ. ಕೆಲಸ ಇಲ್ಲದೆ, ಕೆಲಸ ಹುಡುಕುತ್ತಿದ್ದರೆ ಅಥವಾ ಸಿಕ್ಕರೆ ಮಾಡಲು ತಯಾರಿದ್ದರೆ ಮಾತ್ರ ನಿರುದ್ಯೋಗಿ. ಬೆಂಗಳೂರಿಗೆ ಹೋಗಿ ದುಡಿಯುತ್ತಿರುವ ನಿಮ್ಮೂರಿನ ಹುಡುಗ ಅಲ್ಲಿ ಉದ್ಯೋಗಿ. ಊರು ಖಾಲಿಯಾದದ್ದು ಈ ಅಂಕಿಯಲ್ಲಿ ಸಿಗುವುದೇ ಇಲ್ಲ.

ಇನ್ನು 'ಕೆಲಸ' ಅಂದರೆ ಏನು? ಚಳಿಗಾಲದ ರಾತ್ರಿ, ಊಟ ಮುಗಿದ ಮೇಲೆ, ಮೆಟ್ಟುಗತ್ತಿ ಮುಂದೆ ಕೂತು ಮನೆಯ ಅಡಿಕೆ ಸುಲಿಯುವ ಅತ್ತಿಗೆಯನ್ನು ನೆನಪಿಸಿಕೊಳ್ಳಿ. ಚೊಗರು ಹತ್ತಿ ಬೆರಳೆಲ್ಲ ಕಪ್ಪು. ತಿಕ್ಕಿದರೂ ಹೋಗುವುದಿಲ್ಲ. ಕೂಲಿ ಇಲ್ಲ, ಸ್ವಂತ ಮನೆಯದ್ದಲ್ವಾ! ವರ್ಷದಲ್ಲಿ 30 ದಿನ ಹೀಗೆ ದುಡಿದಿದ್ದರೂ ಸಮೀಕ್ಷೆಯ ಪ್ರಕಾರ ಅವರು ಉದ್ಯೋಗಿ, 'ಸ್ವಂತ ಉದ್ಯೋಗ'ದ ಗುಂಪಿನವರು. ಅವರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಸರಿಯೇ. ಅದು ದುಡಿಮೆಯೇ. ಆದರೆ ಅವರ ಕೈಗೆ ಹಣ ಬಂತಾ ಅನ್ನುವುದನ್ನು 3.2 ಹೇಳುವುದಿಲ್ಲ.

ಇದು ಸಣ್ಣ ಮಾತಲ್ಲ. 2017-18ರಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಮೆಯಲ್ಲಿರುವವರು, ಕೆಲಸ ಹುಡುಕುವವರು ಸೇರಿ ಶೇ. 23.3 ಇದ್ದರು. 2023-24ಕ್ಕೆ ಅದು ಶೇ. 41.7 ಆಯಿತು. ಹಳ್ಳಿಯಲ್ಲಿ ದುಡಿಯುವ ಹೆಂಗಸರಲ್ಲಿ ಹೆಚ್ಚಿನವರು ಸ್ವಂತ ಉದ್ಯೋಗದವರೇ. ಈ ಏರಿಕೆ ನೋಡಿ ಖುಷಿಪಡುವ ಮೊದಲು ನಾನಂತೂ ಆ ಕಪ್ಪು ಬೆರಳು ನೆನಪಿಸಿಕೊಳ್ಳುತ್ತೇನೆ.

ಕಾರವಾರದ ಬೋಟುಗಳ ಕಥೆಯೂ ಹೀಗೆಯೇ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಕೈಯಲ್ಲಿ ಕಾಸಿಲ್ಲದಿದ್ದರೂ, ಉಳಿದ ಹತ್ತು ತಿಂಗಳು ಕಡಲಿಗೆ ಹೋದವನು ವರ್ಷದ ಲೆಕ್ಕದಲ್ಲಿ ಉದ್ಯೋಗಿಯೇ.

ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಹತ್ತಿರದ ಅಂಕಿ ಅದೇ ವರದಿಯಲ್ಲಿದೆ. 15ರಿಂದ 29 ವರ್ಷದವರಲ್ಲಿ ನಿರುದ್ಯೋಗ ಶೇ. 10.2. ಬಡವನಿಗೆ ಸುಮ್ನೆ ಕೂರಲು ಆಗುವುದಿಲ್ಲ, ಸಿಕ್ಕಿದ್ದನ್ನು ಮಾಡುತ್ತಾನೆ. ಓದಿದ ಹುಡುಗ, ಹುಡುಗಿ ಕಾಯುತ್ತಾರೆ, ಮನೆಯವರು ಸಾಕುತ್ತಾರೆ.

ಇನ್ನೊಂದು ಎಚ್ಚರ. 2025ರಿಂದ ಪ್ರತಿ ತಿಂಗಳ ಅಂಕಿಯೂ ಬರುತ್ತಿದೆ. ಏಪ್ರಿಲ್ 2025ರದ್ದು ಶೇ. 5.1 ಇತ್ತು. '3.2ರಿಂದ 5.1ಕ್ಕೆ ಏರಿತು' ಅಂತ ವಾಟ್ಸಾಪ್‌ನಲ್ಲಿ ಬಂದರೆ ಮುಂದೆ ಕಳಿಸಬೇಡಿ. ತಿಂಗಳ ಅಂಕಿ ನೋಡುವುದು ಹಿಂದಿನ 7 ದಿನಗಳನ್ನು. ಅದರಲ್ಲಿ ಒಂದು ತಾಸು ದುಡಿದವನೂ ಉದ್ಯೋಗಿ. 3.2 ನೋಡುವುದು ಇಡೀ ವರ್ಷವನ್ನು. ಅದೇ 2023-24ರಲ್ಲೂ ವಾರದ ಲೆಕ್ಕದಲ್ಲಿ ನಿರುದ್ಯೋಗ ಶೇ. 4.9 ಇತ್ತು.