ಪಕ್ಕದ ಜೀನು ಯಾವುದು?

ಕೊಡಗಿನ ಯಾವ ಸಂತೆಗೆ ಹೋದರೂ ನಾಟಿ ಕೋಳಿಗಳ ಜುಟ್ಟನ್ನು ಒಮ್ಮೆ ಗಮನಿಸಿ. ಹೆಚ್ಚಿನವುಗಳ ತಲೆಯ ಮೇಲೆ ಹಲ್ಲುಹಲ್ಲಾದ ಒಂಟಿ ಜುಟ್ಟು ನೆಟ್ಟಗೆ ನಿಂತಿರುತ್ತದೆ. ಕಾಳಗಕ್ಕೆ ಹೆಸರಾದ ಅಸೀಲ್ ತಳಿಯದು ಗಿಡ್ಡ ಜುಟ್ಟು. ನೆತ್ತಿಗೆ ಅಂಟಿಕೊಂಡ ಮೂರು ಸಾಲು ಉಬ್ಬು, ಅಷ್ಟೇ. ತಜ್ಞರು ಅದನ್ನು ಬಟಾಣಿ ಜುಟ್ಟು ಎನ್ನುತ್ತಾರೆ. ಗುಲಾಬಿ ಜುಟ್ಟು ಎಂಬ ಇನ್ನೊಂದು ಬಗೆ ಅಗಲವಾಗಿದ್ದು, ಮೇಲೆಲ್ಲ ಸಣ್ಣ ಗಂಟುಗಳಿಂದ ಕೂಡಿರುತ್ತದೆ.

20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಮತ್ತು ರೆಜಿನಾಲ್ಡ್ ಪನೆಟ್ ಅಪ್ಪಟ ಗುಲಾಬಿ ಜುಟ್ಟಿನ ಕೋಳಿಯನ್ನು ಅಪ್ಪಟ ಬಟಾಣಿ ಜುಟ್ಟಿನದರ ಜೊತೆ ಕೂಡಿಸಿದರು. ಮರಿಗಳಿಗೆ ಬಂದದ್ದು ತಾಯಿಯದೂ ಅಲ್ಲದ, ತಂದೆಯದೂ ಅಲ್ಲದ, ಸುಕ್ಕುಗಟ್ಟಿದ ಅಕ್ರೋಟು ಜುಟ್ಟು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಸರಾಸರಿ 16ರಲ್ಲಿ 9 ಅಕ್ರೋಟು, 3 ಗುಲಾಬಿ, 3 ಬಟಾಣಿ. ಉಳಿದ ಒಂದಕ್ಕೆ ಅಪ್ಪ ಅಮ್ಮನಲ್ಲಾಗಲಿ ಅಜ್ಜ ಅಜ್ಜಿಯಲ್ಲಾಗಲಿ ಇಲ್ಲದ ಒಂಟಿ ಜುಟ್ಟು! ಅಕ್ರೋಟು ಜುಟ್ಟಿಗೆಂದು ಪ್ರತ್ಯೇಕವಾದ ಜೀನು ಇಲ್ಲ. ಗುಲಾಬಿಯ ಜೀನೂ ಬಟಾಣಿಯ ಜೀನೂ ಒಂದೇ ತಲೆಯಲ್ಲಿ ಸೇರಿದರೆ ಅದು ಮೂಡುತ್ತದೆ; ಎರಡೂ ಇಲ್ಲದಿದ್ದರೆ ಒಂಟಿ ಜುಟ್ಟು.

‘ಬುದ್ಧಿಯ ಜೀನು’, ‘ಬೊಜ್ಜಿನ ಜೀನು’ ಎಂದು ಸುದ್ದಿ ಬಂದಾಗಲೆಲ್ಲ ನನಗೆ ಈ ಕೋಳಿಗಳು ನೆನಪಾಗುತ್ತವೆ. ಒಂದು ಜೀನು ಏನು ಮಾಡುತ್ತದೆ ಎಂದು ಕೇಳುವುದು ಅರ್ಧ ಪ್ರಶ್ನೆ. ಯಾವ ಜೀನಿನ ಜೊತೆಯಲ್ಲಿದ್ದಾಗ ಎಂದು ಸೇರಿಸಿದರೆ ಮಾತ್ರ ಅದು ಪೂರ್ತಿಯಾಗುತ್ತದೆ.

ಆ ಜೊತೆಗಾರ ಅದೇ ದೇಹದಲ್ಲಿ ಇರಬೇಕೆಂದೂ ಇಲ್ಲ. ಕಾಫಿ ಬೆಳೆಗಾರರು ಇದನ್ನು ನಷ್ಟ ಮಾಡಿಕೊಂಡೇ ಕಲಿತಿದ್ದಾರೆ. ಎಲೆ ತುಕ್ಕು ರೋಗ ಬಂದ ಅರೇಬಿಕಾ ಗಿಡದ ಎಲೆಯನ್ನು ಮಗುಚಿದರೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಅದು ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಕಣ. ಹಿಂದಿನ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಆರಿಸಿದ ಕೆಂಟ್ಸ್ ತಳಿ ಈ ರೋಗವನ್ನು ತಡೆದುಕೊಂಡಿತು, ಎಲ್ಲರೂ ಅದನ್ನೇ ನೆಟ್ಟರು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. ಗಿಡ ಬದಲಾಗಿರಲಿಲ್ಲ, ತುಕ್ಕು ಬದಲಾಗಿತ್ತು. ಈ ಶಿಲೀಂಧ್ರದಲ್ಲಿ ಬೇರೆ ಬೇರೆ ಪಂಗಡಗಳಿವೆ ಎಂದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ತೋರಿಸಿದರು. ಈಗ ಅಂಥ 50ಕ್ಕೂ ಹೆಚ್ಚು ಪಂಗಡಗಳು ಗೊತ್ತಾಗಿವೆ.

ಒಳಗೆ ನಡೆಯುವುದು ಹೀಗೆ. ತುಕ್ಕಿನ ಶಿಲೀಂಧ್ರ ಎಲೆಯೊಳಗೆ ನುಗ್ಗುವಾಗ ಕೆಲವು ಪ್ರೋಟೀನುಗಳನ್ನು ಸುರಿಸುತ್ತದೆ. ಗಿಡದ ಪ್ರತಿರೋಧದ ಜೀನು ಅಂಥದ್ದೊಂದನ್ನು ಗುರುತು ಹಿಡಿದರೆ, ಶಿಲೀಂಧ್ರ ಹೊಕ್ಕ ಜಾಗದ ಜೀವಕೋಶಗಳು ತಾವೇ ಸತ್ತು ಅದನ್ನು ಉಪವಾಸ ಕೆಡವುತ್ತವೆ. ಶಿಲೀಂಧ್ರದಲ್ಲಿ ಆ ಪ್ರೋಟೀನಿನ ಜೀನು ಕೆಟ್ಟರೆ ಅಥವಾ ಮಾರ್ಪಟ್ಟರೆ ಗಿಡದ ಜೀನು ಇದ್ದೂ ಇಲ್ಲದಂತೆ. ಕಾಫಿಯಲ್ಲಿ ಇಂಥ ಒಂಬತ್ತು ಪ್ರತಿರೋಧದ ಜೀನುಗಳನ್ನು ಗುರುತಿಸಿದ್ದಾರೆ. ಎಸ್. 795 ಎಂಬ ಅರೇಬಿಕಾ ತಳಿಗೆ ಕೆಂಟ್ಸ್‌ನಿಂದ ಒಂದು, ಲಿಬೆರಿಕಾ ಜಾತಿಯ ಮೂಲದಿಂದ ಇನ್ನೊಂದು ಸೇರಿತು. ಎರಡು ಜೀನುಗಳನ್ನೂ ಒಟ್ಟಿಗೆ ದಾಟುವುದು ತುಕ್ಕಿಗೆ ಕಷ್ಟ, ಆದರೆ ಅಸಾಧ್ಯವಲ್ಲ; ದಾಟಿಯೂ ಆಯಿತು. ಕೊಡಗಿನ ತೋಟಗಳಲ್ಲಿ ಇಂದು ತುಕ್ಕಿಗೆ ಅಷ್ಟಾಗಿ ಬಗ್ಗದ ರೊಬಸ್ಟಾ ಕಾಫಿ ಮೇಲುಗೈ ಪಡೆದಿರುವುದಕ್ಕೆ ಬೆಲೆ, ಮಳೆ, ಕಾಂಡಕೊರಕ ಎಲ್ಲವೂ ಕಾರಣವಿರಬಹುದು. ಈ ಜಗಳದ ಪಾಲೂ ಇದೆ.

ಇನ್ನು ರಕ್ತದ ಕಥೆ. ಚಳಿಜ್ವರಕ್ಕೆ ಕುಖ್ಯಾತವಾಗಿದ್ದ ನಮ್ಮ ಸೀಮೆಯಲ್ಲಿ, ಪಕ್ಕದ ವಯನಾಡಿನಲ್ಲಿ, ಹಲವು ಬುಡಕಟ್ಟು ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆಯ ಜೀನು ಉಳಿದುಬಂದಿದೆ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ನೋವು, ನಿತ್ರಾಣ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೇಲಾಗಿ ತೀವ್ರ ಮಲೇರಿಯಾದಿಂದ ರಕ್ಷಣೆ. ಹಿಮೋಗ್ಲೋಬಿನ್ನಿನ ಇನ್ನೊಂದು ಭಾಗವನ್ನು ಕಡಿಮೆ ಮಾಡುವ ಆಲ್ಫಾ ಥಲಸ್ಸೀಮಿಯಾ ಎಂಬ ಬದಲಾವಣೆಯೂ ಮಲೇರಿಯಾಕ್ಕೆ ತಡೆ. ಎರಡೂ ಇದ್ದರೆ ರಕ್ಷಣೆ ಇಮ್ಮಡಿಯಾಗಬೇಕಲ್ಲವೇ? ಕೀನ್ಯಾದ ಕರಾವಳಿಯ ಮಕ್ಕಳ ಅಧ್ಯಯನ 2005ರಲ್ಲಿ ತದ್ವಿರುದ್ಧ ಫಲ ನೀಡಿತು. ಎರಡನ್ನೂ ಹೊತ್ತ ಮಕ್ಕಳಲ್ಲಿ ರಕ್ಷಣೆ ಹೆಚ್ಚುಕಡಿಮೆ ಅಳಿಸಿಹೋಗಿತ್ತು.

ಕಾರಣದ ಒಂದು ಎಳೆ ರಕ್ತಕಣದೊಳಗೇ ಸಿಗುತ್ತದೆ. ಹಿಮೋಗ್ಲೋಬಿನ್ ಆಗುವುದು ಆಲ್ಫಾ, ಬೀಟಾ ಎಂಬ ಎರಡು ಬಗೆಯ ಪ್ರೋಟೀನ್ ಸರಪಳಿಗಳು ಸೇರಿ; ಸಿಕಲ್ ಜೀನು ಬದಲಿಸುವುದು ಬೀಟಾವನ್ನು. ಆಲ್ಫಾ ಸರಪಳಿಗೆ ಕೊರತೆ ಬಿದ್ದಾಗ ಸಾಮಾನ್ಯ ಬೀಟಾ ಸರಪಳಿ ಅದನ್ನು ಬೇಗ ಸೆಳೆದುಕೊಳ್ಳುತ್ತದೆ, ಸಿಕಲ್ ಬೀಟಾ ಹಿಂದುಳಿಯುತ್ತದೆ. ಸಿಕಲ್ ಹಿಮೋಗ್ಲೋಬಿನ್ನಿನ ಪಾಲು ಕುಗ್ಗುತ್ತದೆ, ಅದರ ಜೊತೆ ಅದರ ಲಾಭವೂ. ಆದರೆ ಎರಡು ಸಿಕಲ್ ಜೀನುಗಳಿರುವ ರೋಗಿಯಲ್ಲಿ ಇದೇ ಆಲ್ಫಾ ಥಲಸ್ಸೀಮಿಯಾ ರಕ್ತಕಣಗಳು ಒಡೆಯುವುದನ್ನು ತಗ್ಗಿಸುತ್ತದೆ. ಒಂದೇ ಬದಲಾವಣೆ, ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಇದನ್ನು ಒಳ್ಳೆಯ ಜೀನು ಎನ್ನಬೇಕೋ, ಕೆಟ್ಟದ್ದೋ?

ಚಿಕಿತ್ಸೆಗೂ ಇಲ್ಲೊಂದು ದಾರಿ ತೆರೆಯಿತು. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ತಿದ್ದುವ ಚಿಕಿತ್ಸೆ ಸಿಕಲ್ ಜೀನನ್ನು ಮುಟ್ಟುವುದೇ ಇಲ್ಲ. ಹುಟ್ಟಿದ ಮೇಲೆ ಭ್ರೂಣದ ಹಿಮೋಗ್ಲೋಬಿನ್ ತಯಾರಿಯನ್ನು ನಿಲ್ಲಿಸುವ ಬಿಸಿಎಲ್11ಎ ಎಂಬ ಬೇರೊಂದು ಜೀನಿನ ಸದ್ದನ್ನು ರಕ್ತ ತಯಾರಿಸುವ ಜೀವಕೋಶಗಳಲ್ಲಿ ಅದು ಅಡಗಿಸುತ್ತದೆ. ಆಗ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗಿ ರಕ್ತಕಣ ಬಾಗುವುದು ತಪ್ಪುತ್ತದೆ. ಬಹಳ ದುಬಾರಿ ಚಿಕಿತ್ಸೆ. ಹಾಡಿಯ ರೋಗಿಗೆ ಸದ್ಯಕ್ಕೆ ಎಟುಕುವಂಥದ್ದಲ್ಲ.

ಹೊಸ ಜೀವಜಾತಿಗಳು ಕವಲೊಡೆಯುವುದರ ಹಿಂದೆಯೂ ಜೊತೆಗಾರಿಕೆಯ ಇದೇ ತಾಪತ್ರಯವಿದೆ. ಬೇರೆಯಾಗಿ ಬೆಳೆದ ಎರಡು ಗುಂಪುಗಳಲ್ಲಿ ಜೀನುಗಳು ತಮ್ಮ ತಮ್ಮ ನೆರೆಯವುಗಳೊಂದಿಗೆ ಹೊಂದಿಕೊಂಡು ಬದಲಾಗುತ್ತವೆ. ಸಂಕರದಲ್ಲಿ ಮೊದಲ ಬಾರಿಗೆ ಎದುರಾದಾಗ ಕೆಲವು ಒಗ್ಗುವುದೇ ಇಲ್ಲ. ನಮ್ಮ ಗದ್ದೆಗಳ ಇಂಡಿಕಾ ಭತ್ತವನ್ನು ಜಪಾನಿನ ಕಡೆಯ ಜಪೋನಿಕಾದೊಂದಿಗೆ ಕೂಡಿಸಿದರೆ ಗಿಡ ಹುಲುಸಾಗಿ ಬೆಳೆದರೂ ತೆನೆಯಲ್ಲಿ ಜೊಳ್ಳೇ ಹೆಚ್ಚು. 1950ರ ದಶಕದಲ್ಲಿ ಕಟಕ್‌ನಲ್ಲಿ ಹೀಗೆ ಕೂಡಿಸುವ ದೊಡ್ಡ ಯೋಜನೆ ನಡೆಯಿತು. ತೆನೆ ತುಂಬಿ ಉಳಿದುಕೊಂಡ ತಳಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಮಹ್ಸೂರಿ. ಅಂಗಡಿಯಲ್ಲಿ ಕೇಳಿ ತರುವ ಸೋನಾ ಮಸೂರಿ ಅದರದ್ದೇ ಸಂತಾನ.